ಚಾನ್ಸೆನ್‌ಕಾರ್ಟೆಯಲ್ಲಿ ಹೋಗಿ ಬ್ಲೂ ಕಾರ್ಡ್ ಮಾಡಿಸಿಕೊಂಡೆ: ನನ್ನ ಅನುಭವ

ಚಾನ್ಸೆನ್‌ಕಾರ್ಟೆ ಅಂದರೆ ಜರ್ಮನಿಗೆ ಹೋಗಿ ಒಂದು ವರ್ಷದ ತನಕ ಕೆಲಸ ಹುಡುಕಲು ಕೊಡುವ ವೀಸಾ. ಹೀಗೆ ಕೆಲಸ ಕೈಯಲ್ಲಿಲ್ಲದೆ ಹೊರಟರೆ ದುಡ್ಡೂ ಹೋಗುತ್ತೆ, ಒಂದು ವರ್ಷವೂ ಹೋಗುತ್ತೆ ಅಂತ ಎಲ್ಲರೂ ಹೇಳಿದ್ದರು. ಈಗ ಬ್ಲೂ ಕಾರ್ಡ್ (ನಿಗದಿತ ಸಂಬಳದ ಕೆಲಸ ಸಿಕ್ಕ ಪರಿಣತರಿಗೆ ಕೊಡುವ ವಾಸದ ಪರವಾನಗಿ) ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಚಾನ್ಸೆನ್‌ಕಾರ್ಟೆ ಪಾಯಿಂಟ್ ಲೆಕ್ಕದಲ್ಲಿ ಸಿಗುತ್ತದೆ, 6 ಬೇಕು. 35 ದಾಟಿದ್ದರಿಂದ ವಯಸ್ಸಿಗೆ ಒಂದೇ. ಅನುಭವಕ್ಕೆ 3, ಐಟಿ ಜನರ ಕೊರತೆ ಇರುವ ಕೆಲಸ ಅಂತ 1, ಸಿ1 ಮಟ್ಟದ ಇಂಗ್ಲಿಷಿಗೆ 1 (ಭಾಷೆಯ ಮಟ್ಟ ಎ1ರಿಂದ ಸಿ2 ತನಕ ಏರುತ್ತದೆ). ಸರಿಯಾಗಿ ಆರಕ್ಕೆ ನಿಲ್ಲುವುದು ಬೇಡ ಅನ್ನಿಸಿ ಎ2 ಜರ್ಮನ್ ಮುಗಿಸಿ ಏಳು ಮಾಡಿಕೊಂಡೆ.

ಬ್ಲಾಕ್ಡ್ ಅಕೌಂಟ್‌ಗೆ (ಅಲ್ಲಿನ ಖರ್ಚಿಗೆ ದುಡ್ಡಿದೆ ಅಂತ ತೋರಿಸಲು ಮೊದಲೇ ಹಣ ತುಂಬಿಡುವ ಖಾತೆ) 2025ರಲ್ಲಿ ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13 ಸಾವಿರದ ಮೇಲೆ. ಅದೊಂದನ್ನೇ ನಂಬಿ ಬರಬೇಡಿ. ಮೊದಲ ರೂಮಿಗೆ ಡೆಪಾಸಿಟ್ ಕೊಟ್ಟಾದ ಮೇಲೆ ಮನೆ ಮಾಲೀಕ ವೋನುಂಗ್ಸ್‌ಗೇಬರ್ ಪತ್ರಕ್ಕೆ (ನಾನು ಅವನ ಮನೆಯಲ್ಲಿದ್ದೇನೆ ಅನ್ನುವ ದೃಢೀಕರಣ) ಸಹಿ ಹಾಕಲ್ಲ ಅಂದ. ಕಾನೂನು ಪ್ರಕಾರ ಕೊಡಲೇಬೇಕು, ಆದರೆ ಆ ಒಂದು ಹಾಳೆ ಇಲ್ಲದೆ ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಆಗಲ್ಲ, ಜಗಳ ಆಡ್ತಾ ಕೂತರೆ ವೀಸಾ ದಿನಗಳು ಕರಗುತ್ತವೆ. ಬೇರೆ ರೂಮಿಗೆ ಹೋಗುವಷ್ಟರಲ್ಲಿ ಹೆಚ್ಚುಕಮ್ಮಿ 1,500 ಯೂರೋ ಹೋಯಿತು. ಸಹಿ ಆದ ಹಾಳೆ ನೋಡದೆ ಡೆಪಾಸಿಟ್ ಕೊಡಲೇಬೇಡಿ.

ಫುಲ್‌ಟೈಮ್ ಅರ್ಜಿಗಳಿಗೆ ಮೂರ್ನಾಲ್ಕು ತಿಂಗಳು ಉತ್ತರವೇ ಇಲ್ಲ. ನಡುವೆ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ನೋಡಿದೆ. ದುಡ್ಡು ಬಂತು, ಬೆಳಗಿನ ಜರ್ಮನ್ ಕ್ಲಾಸ್ ಹಾಳಾಯಿತು, ಬಿಟ್ಟೆ. ಆಮೇಲೆ ದಾರಿ ಬದಲಿಸಿದೆ. ಚಾನ್ಸೆನ್‌ಕಾರ್ಟೆಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಎರಡು ವಾರದ ಟ್ರಯಲ್‌ಗೂ ಅವಕಾಶ ಇದೆ. ಸಣ್ಣ ಕಂಪನಿಗಳಿಗೆ ಮಾತ್ರ ಬರೆದೆ: ಎರಡು ವಾರ ನನ್ನ ಕೆಲಸ ನೋಡಿ, ಹಿಡಿಸಿದರೆ ಪಾರ್ಟ್‌ಟೈಮ್ ಕೊಡಿ. 20 ಗಂಟೆಗೆ ಯಾರೂ ತಗೊಳ್ಳಲ್ಲ ಅಂದವರೇ ಜಾಸ್ತಿ. ಒಬ್ಬರು ತಗೊಂಡರು, ಕೆಲವೇ ತಿಂಗಳಲ್ಲಿ ಅವರೇ ಫುಲ್‌ಟೈಮ್ ಮಾತು ತೆಗೆದರು.

ಸಂಬಳ ವರ್ಷಕ್ಕೆ 42 ಸಾವಿರ ಯೂರೋ ಅಂದರು. ಐಟಿಯಂಥ ಜನರ ಕೊರತೆ ಇರುವ ಕೆಲಸಕ್ಕೆ ಮಿತಿ ಕಡಿಮೆ, ಅದಕ್ಕೂ 2025ರಲ್ಲಿ ಬ್ಲೂ ಕಾರ್ಡಿಗೆ ಸುಮಾರು 43,760 ಬೇಕಿತ್ತು. ಆ ಅಂಕಿ ಇರುವ ಪುಟವನ್ನೇ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ, ಸಂಬಳ 44 ಸಾವಿರ ಆಯಿತು. ಕಂಪನಿ ತುಂಬಬೇಕಾದ ಫಾರಂ ಕೂಡ ಅರ್ಧ ನಾನೇ ತುಂಬಿ ಒಯ್ದಿದ್ದೆ, ಅವರಿಗೆ ಸಹಿ ಒಂದೇ ಬಾಕಿ. ಕಡಿಮೆ ಮಿತಿಯಲ್ಲಿ ಹೋದರೆ ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯಿತು.

ಇನ್ನು ಕಾಯಂ ವಾಸದ ಪರವಾನಗಿ. ಬ್ಲೂ ಕಾರ್ಡಿನಲ್ಲಿ ಎ1 ಜರ್ಮನ್ ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21ಕ್ಕೇ ಸಿಗುತ್ತದೆ. ನಾನು ಬಿ1 ಕ್ಲಾಸಿಗೆ ಸೇರಿಯಾಯಿತು.