ಉಪ್ಪಿನ ರಸ್ತೆ, ಕಾರಿನ ಸಸ್ಪೆನ್ಷನ್: ನನ್ನ ಅನುಭವ

ನಮ್ಮಲ್ಲಿ ಚಳಿಗಾಲ ಬಂದರೆ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ಅಂಥ ಒಂದು ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಮುಂದಿನ ಎಡಗಡೆಯಿಂದ ಟಣ್ ಅಂತ ಸದ್ದು ಬಂತು. ಮಂಜುಗಡ್ಡೆ ಉದುರಿರಬೇಕು ಅಂದುಕೊಂಡು ಸುಮ್ಮನಾದೆ. ಎರಡು ದಿನ ಬಿಟ್ಟು ನೋಡಿದರೆ ಆ ಚಕ್ರದ ಮೇಲಿನ ಸಂದು ಬಲಗಡೆಯದಕ್ಕಿಂತ ಒಂದು ಬೆರಳು ಕಮ್ಮಿ. ಚಕ್ರ ಬಿಚ್ಚಿದಾಗ ಸಸ್ಪೆನ್ಷನ್ (ಚಕ್ರವನ್ನು ಕಾರಿಗೆ ಜೋಡಿಸಿ ಕುಲುಕು ತಡೆಯುವ ಭಾಗಗಳು) ಒಳಗಿನ ಕಾಯಿಲ್ ಸ್ಪ್ರಿಂಗಿನ, ಅಂದರೆ ಭಾರ ಹೊರುವ ಉಕ್ಕಿನ ಸುರುಳಿಯ, ಕೊನೆಯ ಸುತ್ತು ಎರಡು ತುಂಡಾಗಿತ್ತು. ಮುರಿದ ಮುಖವನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ, ಉಳಿದದ್ದೆಲ್ಲ ಬೂದು ಬಣ್ಣದ ಹೊಸ ಉಕ್ಕು.

ಅಂದರೆ ಸ್ಪ್ರಿಂಗಿಗೆ ಬೇರೆ ಏನೂ ಆಗಿರಲಿಲ್ಲ, ಆ ಚುಕ್ಕೆಯೇ ಸಾಕಾಗಿತ್ತು. ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಮರಳು, ಉಪ್ಪುನೀರು ನಿಲ್ಲುತ್ತದೆ, ಮರಳು ಉಜ್ಜಿ ಬಣ್ಣ ಹೋಗುತ್ತದೆ, ಆಮೇಲೆ ತುಕ್ಕಿನ ಸಣ್ಣ ಗುಳಿ ಬೀಳುತ್ತದೆ. ಸದಾ ಭಾರ ಹೊತ್ತಿರುವ ಉಕ್ಕಿನಲ್ಲಿ ಗುಳಿ ಬಿದ್ದರೆ ಅಲ್ಲಿಂದಲೇ ಬಿರುಕು. ಸ್ಪ್ರಿಂಗ್ ಒಂದೇ ಮುರಿದರೂ ಎರಡೂ ಕಡೆ ಬದಲಾಯಿಸಬೇಕಾಯಿತು, ಇಲ್ಲದಿದ್ದರೆ ಕಾರು ಒಂದು ಕಡೆ ವಾಲುತ್ತದೆ.

ನಾನು ಮಾಡಿದ್ದ ತಪ್ಪು ಎರಡು. ಒಂದು, ಬೆಚ್ಚಗಿನ ಗ್ಯಾರೇಜಿನಲ್ಲಿ ಇಟ್ಟರೆ ಕಾರಿಗೆ ಒಳ್ಳೆಯದು ಅಂತ ನಂಬಿದ್ದು. ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನ, ಒಳಗೆ ತಂದಾಗ ಹಿಮ ಕರಗಿ ಉಪ್ಪುನೀರು ಸಂದುಸಂದಿಗೂ ಇಳಿಯುತ್ತದೆ. ಅದರಲ್ಲೂ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಹಾಕಿದ ರಸ್ತೆಯಾದರೆ ಅವು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ, ಬೇಗ ಒಣಗುವುದೇ ಇಲ್ಲ. ಎರಡು, ಹಿಂದಿನ ವರ್ಷ ಬಳಿದಿದ್ದ ಕಪ್ಪು ರಬ್ಬರಿನಂಥ ಗಟ್ಟಿ ಕೋಟಿಂಗ್. ನೋಡಲು ಚೆಂದ ಇತ್ತು. ಸ್ಕ್ರೂಡ್ರೈವರ್ ತುದಿ ತೂರಿಸಿದರೆ ಹಾಳೆಯಂತೆ ಎದ್ದು ಬಂತು, ಹಿಂದೆ ಪದರ ಪದರ ತುಕ್ಕು!

ಈಗ ಮೊದಲ ಹಿಮಕ್ಕೆ ಮುಂಚೆ, ಒಣ ಹವೆ ನೋಡಿಕೊಂಡು ಕೆಲಸ ಶುರು ಮಾಡುತ್ತೇನೆ. ಕಾರು ಸ್ಟ್ಯಾಂಡ್ ಮೇಲೆ (ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ), ನಾಲ್ಕೂ ಚಕ್ರ ಹೊರಗೆ. ತೊಳೆದು ಒಂದು ದಿನ ಪೂರ್ತಿ ಒಣಗಲು ಬಿಡುತ್ತೇನೆ. ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ಉದುರಿಸಿದರೆ ಸಾಕು, ಹೊಳೆಯುವ ತನಕ ಉಜ್ಜಬೇಕಾಗಿಲ್ಲ. ಆಮೇಲೆ ಲ್ಯಾನೋಲಿನ್ ಎಣ್ಣೆ, ಅಂದರೆ ಕುರಿಯ ಉಣ್ಣೆಯ ಜಿಡ್ಡು. ಅದು ಗಟ್ಟಿಯಾಗುವುದಿಲ್ಲ, ಹರಿದು ಹರಿದು ಸಂದಿಗೆ ಸೇರುತ್ತದೆ. ಸ್ಪ್ರಿಂಗಿನ ತಟ್ಟೆ, ವೆಲ್ಡಿಂಗ್ ಗೆರೆ, ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ತಗಡಿನ ಕಂಟ್ರೋಲ್ ಆರ್ಮ್‌ನ ಒಳಭಾಗ, ಇವಕ್ಕೆ ಜಾಸ್ತಿ. ನೀರು ಇಳಿಯುವ ತೂತು ಮಣ್ಣು ಕಟ್ಟಿದೆಯಾ ಅಂತ ತಂತಿ ಹಾಕಿ ನೋಡುತ್ತೇನೆ. ಬ್ರೇಕ್ ಡಿಸ್ಕಿಗೆ, ಪ್ಯಾಡಿಗೆ ಒಂದು ಹನಿಯೂ ತಾಗಬಾರದು, ಅದಕ್ಕೇ ಪ್ಲಾಸ್ಟಿಕ್ ಚೀಲ ಕಟ್ಟುತ್ತೇನೆ. ಶಾಕ್ ಅಬ್ಸಾರ್ಬರಿನ ಹೊಳೆಯುವ ಕಂಬಿಗೂ ಬೇಡ. ಆರ್ಮ್ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತವೆ.

ನಿಜವಾಗಿ ಹಣ ಉಳಿಸುವುದು ಬೋಲ್ಟ್‌ಗಳ ಕೆಲಸ. ಹಿಂಚಕ್ರದ ಆರ್ಮ್‌ನಲ್ಲಿ ಅಲೈನ್‌ಮೆಂಟ್ (ಚಕ್ರ ನಿಲ್ಲುವ ಕೋನ) ಸರಿಮಾಡುವ ಬೋಲ್ಟ್ ಇರುತ್ತದಲ್ವಾ, ಅದು ಬುಷ್‌ನ ಉಕ್ಕಿನ ಕೊಳವೆಯೊಳಗೆ ಕಚ್ಚಿಕೊಂಡರೆ ಕೊನೆಗೆ ಕೊಯ್ದೇ ತೆಗೆಯಬೇಕು. ಮೊದಲು ಅದರ ಸ್ಥಾನಕ್ಕೆ ಪೇಂಟಿನಲ್ಲಿ ಗುರುತು ಹಾಕುತ್ತೇನೆ. ಒಂದೊಂದಾಗಿ ತೆಗೆದು, ಒರೆಸಿ, ನಯವಾದ ಭಾಗಕ್ಕಷ್ಟೇ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳ್ಳಗೆ ಸವರುತ್ತೇನೆ. ಬೋಲ್ಟಿನ ತಿರುಪು ಗೆರೆಗಳಿಗೆ ಸವರಿದರೆ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬೋಲ್ಟ್ ಅಳತೆ ಮೀರಿ ಬಿಗಿಯಾಗುತ್ತದೆ. ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆಯೇ. ಗಾಳಿಯಲ್ಲಿ ತೂಗುವಾಗ ಬಿಗಿದರೆ ಬುಷ್‌ನ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್ ಪರೀಕ್ಷೆ ಹೇಗೂ ಮಾಡಿಸಬೇಕು.

ಚಳಿಗಾಲದಲ್ಲಿ ತಾಪ ಸೊನ್ನೆಗಿಂತ ಮೇಲೆ ಬಂದ ದಿನ ತಳ ತೊಳೆಯುತ್ತೇನೆ. ಪ್ರೆಷರ್ ವಾಷರನ್ನು ಬಾಲ್ ಜಾಯಿಂಟಿನ (ಚಕ್ರದ ಬಳಿಯ ಗುಂಡಿನ ಕೀಲು) ರಬ್ಬರ್ ಟೋಪಿಗೆ ಹತ್ತಿರ ಹಿಡಿಯುವುದಿಲ್ಲ. ತೋಟಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರನ್ನು ಕಾರಿನಡಿ ತಳ್ಳಿ ಅರ್ಧ ಗಂಟೆ ಬಿಟ್ಟರೂ ಉಪ್ಪು ಚೆನ್ನಾಗಿ ಹೋಗುತ್ತದೆ.

ಹೀಗೆ ಮೂರು ಚಳಿಗಾಲ ಆಯಿತು. ಈ ಸಲ ಆ ಅಲೈನ್‌ಮೆಂಟ್ ಬೋಲ್ಟ್ ಸ್ಪ್ಯಾನರಿನ ಒಂದೇ ಎಳೆತಕ್ಕೆ ತಿರುಗಿತು. ಉಳಿದಿರುವ ತಕರಾರು ಒಂದೇ, ಎಣ್ಣೆ ಹೊಡೆದ ಮೇಲೆ ಒಂದೆರಡು ವಾರ ಗ್ಯಾರೇಜಿನ ತುಂಬ ಒದ್ದೆ ಕುರಿಯ ವಾಸನೆ.