ಮೊದಲು ರಕ್ತ ನಿಲ್ಲಬೇಕು

ನಾನು ಸೇನಾ ವೈದ್ಯಕೀಯ ದಳಕ್ಕೆ ಸೇರಿದ ಕಾಲದಲ್ಲಿ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿಯಾದ ಟೂರ್ನಿಕೆಟ್ ಎಂದರೆ ಎಲ್ಲರಿಗೂ ಅಳುಕು. ಕಟ್ಟಿದರೆ ಕಾಲು ಹೋದಂತೆಯೇ ಎನ್ನುತ್ತಿದ್ದರು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳು ಆ ಭಯಕ್ಕೆ ಆಧಾರವಿಲ್ಲವೆಂದು ತೋರಿಸಿಕೊಟ್ಟವು. ತೊಡೆಯ ದೊಡ್ಡ ರಕ್ತನಾಳ ಹರಿದವನಿಗೆ ಉಳಿದಿರುವುದು ಕೆಲವೇ ನಿಮಿಷ. ಈಗ ಗಾಯಾಳುವಿನ ಪಕ್ಕ ಮಂಡಿಯೂರಿದೊಡನೆ ನಾನು ಹುಡುಕುವುದು ಚಿಮ್ಮುವ ರಕ್ತವನ್ನು. ಶ್ವಾಸನಾಳ, ಉಸಿರಾಟ ಎಲ್ಲ ಆಮೇಲೆ.

ಪಟ್ಟಿಯನ್ನು ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಕೀಲನ್ನು ತಪ್ಪಿಸಿ ಸುತ್ತುತ್ತೇನೆ. ಗುಂಡು ಹಾರುತ್ತಿರುವಾಗ ಗಾಯ ಹುಡುಕುತ್ತ ಕೂರಲಾಗದು. ಆಗ ಬಟ್ಟೆಯ ಮೇಲೆಯೇ, ತೋಳಿನ ಅಥವಾ ತೊಡೆಯ ತೀರಾ ಮೇಲ್ಭಾಗಕ್ಕೆ ಬಿಗಿಯುತ್ತೇನೆ. ಪಟ್ಟಿಯನ್ನು ತಿರುಚಿ ಬಿಗಿಯಲು ಅದರಲ್ಲೇ ಇರುವ ಕಡ್ಡಿಯನ್ನು ತಿರುಗಿಸುವ ಮುನ್ನ ಪಟ್ಟಿಯನ್ನು ಸಡಿಲವೇ ಉಳಿಯದಂತೆ ಜಗ್ಗಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ನಂತರ ರಕ್ತ ನಿಂತು, ಕೆಳಗಿನ ನಾಡಿ ಬೆರಳಿಗೆ ಸಿಗದಂತಾಗುವವರೆಗೆ ಕಡ್ಡಿ ತಿರುಗಬೇಕು. ಅರೆಬರೆ ಬಿಗಿದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ ಮುಚ್ಚಿ, ಹೃದಯದಿಂದ ರಕ್ತ ತರುವ ಅಪಧಮನಿ ತೆರೆದೇ ಇರುತ್ತದೆ, ರಕ್ತಸ್ರಾವ ಇನ್ನಷ್ಟು ಜೋರಾಗುತ್ತದೆ. ನೋವು ತಾಳಲಾರದೆ ಗಾಯಾಳು ಸಡಿಲಿಸಿ ಎಂದು ಅಂಗಲಾಚುತ್ತಾನೆ. ಕರುಳು ಹಿಂಡಿದಂತಾಗುತ್ತದೆ, ಆದರೂ ಸಡಿಲಿಸುವುದಿಲ್ಲ. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೆ ಬರೆಯುತ್ತೇನೆ. ಎರಡು ಗಂಟೆಯೊಳಗೆ ಶಸ್ತ್ರಚಿಕಿತ್ಸಕರ ಕೈ ಸೇರಿದರೆ ಕಾಲು ಉಳಿಯುವ ಭರವಸೆ ಚೆನ್ನಾಗಿಯೇ ಇರುತ್ತದೆ.

ತೊಡೆಸಂದಿಗೋ ಕಂಕುಳಿಗೋ ಪಟ್ಟಿ ನಿಲ್ಲದು. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಗಾಜ್ ಬಟ್ಟೆಯನ್ನು ಗಾಯದ ತಳದವರೆಗೂ ತುರುಕಿ, ಮೈಭಾರ ಹಾಕಿ ಮೂರು ನಿಮಿಷವಾದರೂ ಒತ್ತಿ ಹಿಡಿಯುತ್ತೇನೆ. ಬಳಿಕ ಕಂಬಳಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಬಿಸಿಲಿನಲ್ಲಿ ಬಿದ್ದಿದ್ದವನಿಗೂ ಹೊದಿಸಲೇಬೇಕು.

ತಿರುಪು ಹಾಕಿ ಬಿಗಿಯುವ ಉಪಾಯ ಹೊಸದೇನಲ್ಲ. ಫ್ರಾನ್ಸಿನ ಶಸ್ತ್ರಚಿಕಿತ್ಸಕ ಜಾನ್ ಲೂಯಿ ಪೆತಿ 1718ರಲ್ಲೇ ತಿರುಪಿನ ಟೂರ್ನಿಕೆಟ್ ರೂಪಿಸಿದ್ದ. ಆದರೆ ನಾನು ಹೆಚ್ಚು ಗೌರವಿಸುವುದು ನೆಪೋಲಿಯನ್ನನ ಸೇನೆಯಲ್ಲಿದ್ದ ಡೊಮಿನಿಕ್ ಜಾನ್ ಲಾರೆಯನ್ನು. ಗಾಯಾಳುಗಳನ್ನು ರಣರಂಗದಿಂದ ಬೇಗ ಸಾಗಿಸಲು ಹಗುರ ಕುದುರೆಗಾಡಿಗಳನ್ನು ಹೂಡಿದವನು ಅವನು. ಪದವಿ ನೋಡದೆ, ಗಾಯದ ತೀವ್ರತೆಯನ್ನಷ್ಟೇ ನೋಡಿ ಚಿಕಿತ್ಸೆಯ ಸರದಿ ನಿರ್ಧರಿಸಿದ. 1864ರ ಜಿನೀವಾ ಒಪ್ಪಂದ ಬಂದ ಮೇಲೆ ಶತ್ರು ಸೈನಿಕನಿಗೂ ಆರೈಕೆಯ ಹಕ್ಕು ದೊರೆಯಿತು. ಸಾಲಾಗಿ ಮಲಗಿಸಿದ ಗಾಯಾಳುಗಳ ನಡುವೆ ನಡೆಯುವಾಗ ನಾನು ಭುಜಪಟ್ಟಿಯನ್ನಾಗಲಿ ಸಮವಸ್ತ್ರದ ಬಣ್ಣವನ್ನಾಗಲಿ ನೋಡುವುದಿಲ್ಲ.

ಹೊಸಬರಿಗೆ ನಾನು ಕಲಿಸುವುದು ಕತ್ತಲಲ್ಲಿ, ಒದ್ದೆ ಕೈಗವಸು ಹಾಕಿಸಿ. ಮೊದಲು ಎರಡು ಕೈಯಿಂದ, ಆಮೇಲೆ ಒಂದೇ ಕೈಯಿಂದ ತಮ್ಮದೇ ತೋಳಿಗೆ. ಅಭ್ಯಾಸದ ಪಟ್ಟಿಗಳನ್ನು ಬೇರೆಯೇ ಇಡಿಸುತ್ತೇನೆ. ಮತ್ತೆ ಮತ್ತೆ ಜಗ್ಗಿಸಿಕೊಂಡ ಪಟ್ಟಿ ನಿಜವಾದ ಗಾಯಕ್ಕೆ ಬಿಗಿಯುವಾಗ ಕೈಕೊಡಬಹುದು.