ರಸೀದಿಯಲ್ಲಿ ರೈತನ ಹೆಸರು ಸರಿಯಾಗಿ ಮೂಡಲಿ: ತಂತ್ರಾಂಶದ ಭಾಷೆ, ಅಂಕಿ, ದಿನಾಂಕಗಳ ತೊಡಕು ಬಿಡಿಸುವುದು ಹೇಗೆ?

ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ, ಹಳ್ಳಿಯ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವ ಯುವಕ ಯುವತಿಯರು ಈಗ ಇದೇ ಊರಿನಲ್ಲಿ ಸಿಗುತ್ತಾರೆ. ಅವರು ಬರೆದದ್ದರಲ್ಲಿ ತೂಕ, ದರ, ಹಮಾಲಿ ಎಲ್ಲವೂ ಪೈಸೆಗೆ ಪೈಸೆ ಕೂಡುತ್ತವೆ. ಕೈಕೊಡುವುದು ಬೇರೆ ಕಡೆ. ‘ಶರಣಪ್ಪ’ ಎಂದಿರಬೇಕಾದಲ್ಲಿ ಆರು ಪ್ರಶ್ನಾರ್ಥಕ ಚಿಹ್ನೆಗಳು ಅಚ್ಚಾಗುತ್ತವೆ. ನವೆಂಬರ್ 5ರ ವ್ಯವಹಾರ ಮೇ 11ಕ್ಕೆ ಹೋಗಿ ಕೂರುತ್ತದೆ. ತೊಗರಿ ಮಾರಿದ ರೈತನ ಕೈಗೆ ಸಿಗುವ ದಾಖಲೆ ರಸೀದಿಯ ಆ ಚೀಟಿ. ಅದರಲ್ಲಿ ಅವನ ಹೆಸರು ಅವನ ಲಿಪಿಯಲ್ಲಿ ಓದುವಂತಿರಬೇಕು. ಇದು ಕೊನೆಯಲ್ಲಿ ಹಚ್ಚುವ ಅಲಂಕಾರವಲ್ಲ, ಲೆಕ್ಕದಷ್ಟೇ ಮುಖ್ಯವಾದ ಕೆಲಸ.

ಇಡೀ ವಿಧಾನದ ತಿರುಳು ಒಂದೇ. ತಂತ್ರಾಂಶದ ಒಳಗೆ ಮಾಹಿತಿ ಯಾವ ಭಾಷೆಗೂ ಸೇರದ ಒಂದೇ ರೂಪದಲ್ಲಿರಲಿ. ಭಾಷೆ, ಅಲ್ಪವಿರಾಮ, ತಿಂಗಳ ಹೆಸರು ಇವೆಲ್ಲ ಮನುಷ್ಯನ ಕಣ್ಣಿಗೆ ಬೀಳುವ ಕೊನೆಯ ಘಟ್ಟದಲ್ಲಿ ಮಾತ್ರ ಸೇರಲಿ.

ಮೊದಲು ರೋಗ ಯಾವುದೆಂದು ಗುರುತಿಸಿ

ಕನ್ನಡ ಕೆಟ್ಟು ಕಾಣಿಸಿದ ಕೂಡಲೇ ಫಾಂಟ್ ಬದಲಿಸಲು ಹೊರಡುವವರೇ ಹೆಚ್ಚು. ಸ್ವಲ್ಪ ತಾಳಿ, ಅದು ಹೇಗೆ ಕೆಟ್ಟಿದೆ ಎಂದು ನೋಡಿ. ನಾಲ್ಕು ಬಗೆಯ ಕೇಡಿಗೆ ನಾಲ್ಕು ಬೇರೆ ಮದ್ದು.

‘ಶರಣಪ್ಪ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಶ, ರ, ಣ, ಪ, ವಿರಾಮ (ಅರ್ಧಾಕ್ಷರದ ‘್’ ಚಿಹ್ನೆ), ಮತ್ತೆ ಪ. ಆರು ಪ್ರಶ್ನಾರ್ಥಕಗಳು ಬಂದಿದ್ದರೆ ಪ್ರತಿ ಸಂಕೇತವೂ ಒಂದೊಂದಾಗಿ ನಾಶವಾಗಿದೆ ಎಂದರ್ಥ. ಡೇಟಾಬೇಸಿನಲ್ಲಿ ಕನ್ನಡ ಹಿಡಿಸದ ಕಾಲಮ್ಮಿಗೆ ಕನ್ನಡ ತುಂಬಿದಾಗ ಹೀಗಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಮ್ಮು ವಾರ್‌ಚಾರ್ ಆಗಿದ್ದರೆ ಎನ್‌ವಾರ್‌ಚಾರ್ ಮಾಡಿ. ಎರಡನೆಯದು ಯೂನಿಕೋಡ್ ಹಿಡಿಸುವ ಬಗೆ. ಅಷ್ಟೇ ಸಾಲದು, ಹೆಸರನ್ನು ನೇರವಾಗಿ ಡೇಟಾಬೇಸಿಗೆ ಕಳಿಸುವ ಆದೇಶದೊಳಗೆ (ಕ್ವೆರಿ) ಬರೆಯುವುದಾದರೆ ಉಲ್ಲೇಖ ಚಿಹ್ನೆಯ ಮುಂಚೆ ರೋಮನ್ ದೊಡ್ಡಕ್ಷರದ ‘ಎನ್’ ಇರಲೇಬೇಕು. ಅದು ಇಲ್ಲದಿದ್ದರೆ ಕಾಲಮ್ಮು ಸರಿಯಿದ್ದರೂ ದಾರಿಯಲ್ಲೇ ಹೆಸರು ಹಾಳಾಗುತ್ತದೆ. ಹೆಸರನ್ನು ಪ್ಯಾರಾಮೀಟರ್ ಆಗಿ ಕಳಿಸಿದರೆ ಈ ಗೋಜೇ ಇರುವುದಿಲ್ಲ. ಒಮ್ಮೆ ಪ್ರಶ್ನಾರ್ಥಕವಾಗಿ ಉಳಿದ ಹೆಸರು ಮತ್ತೆ ಬರುವುದಿಲ್ಲ, ಮೂಲ ಕಾಗದ ನೋಡಿ ಮರಳಿ ಬರೆಯಬೇಕು. ಅದಕ್ಕೇ ನಾಲ್ಕರಲ್ಲಿ ಇದು ತೀರಾ ಕೆಟ್ಟದ್ದು.

ಪ್ರಶ್ನಾರ್ಥಕದ ಬದಲು ಹದಿನೆಂಟರ ಆಸುಪಾಸು ವಿಚಿತ್ರ ಚಿಹ್ನೆಗಳು ಕಂಡು, ಅವುಗಳಲ್ಲಿ ತಲೆಯ ಮೇಲೆ ಓರೆ ಗೀಟಿರುವ ರೋಮನ್ ‘ಎ’ ಮೂರಕ್ಕೊಮ್ಮೆ ಬರುತ್ತಿದೆಯೇ? ಹಾಗಿದ್ದರೆ ನಿಶ್ಚಿಂತೆಯಿಂದಿರಿ, ಮಾಹಿತಿ ಉಳಿದಿದೆ. ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಮೊದಲ ಬೈಟ್ ಎಲ್ಲಕ್ಕೂ ಒಂದೇ. ಆ ಬೈಟುಗಳನ್ನು ಹಳೆಯ ಪಾಶ್ಚಾತ್ಯ ಸಂಕೇತ ಪಟ್ಟಿಯಂತೆ ಓದಿದ್ದರಿಂದ ಈ ಅವಾಂತರ. ಕಡತ ಓದುವ, ಬರೆಯುವ, ಜಾಲದ ಮೂಲಕ ಕಳಿಸುವ ಪ್ರತಿ ಜಾಗದಲ್ಲೂ ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸಿ, ಯಂತ್ರದ ರೂಢಿಯ ಆಯ್ಕೆಗೆ ಬಿಡಬೇಡಿ. ಸಿಎಸ್‌ವಿ ಕಡತವನ್ನು ಗುಮಾಸ್ತರು ಎರಡು ಸಲ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆಯುತ್ತಾರೆಂದು ಗೊತ್ತಿದ್ದರೆ, ಕಡತದ ತಲೆಯಲ್ಲಿ ಬಿಒಎಂ ಎಂಬ ಗುರುತಿನ ಮೂರು ಬೈಟುಗಳನ್ನು ಸೇರಿಸಿ.

ಖಾಲಿ ಚೌಕಗಳು ಕಂಡರೆ ಮಾತ್ರ ಅದು ಫಾಂಟ್ ಇಲ್ಲದ ತೊಂದರೆ. ‘ಪ್ಪ’ ಒಡೆದು ‘ಪ್’ ಮತ್ತು ‘ಪ’ ಬೇರೆ ಬೇರೆ ನಿಂತಿದ್ದರೆ ಅಥವಾ ಒತ್ತಕ್ಷರ ಪಕ್ಕಕ್ಕೆ ಸರಿದಿದ್ದರೆ, ಪಿಡಿಎಫ್ ತಯಾರಿಸುವ ಲೈಬ್ರರಿಗೆ (ಸಿದ್ಧ ಕೋಡಿನ ಕಟ್ಟಿಗೆ) ಕನ್ನಡದ ಅಕ್ಷರ ಜೋಡಣೆ ಬಾರದು. ಹಾರ್ಫ್‌ಬಜ್‌ನಂಥ ಜೋಡಣಾ ಯಂತ್ರವನ್ನು ಬಳಸುವ ಲೈಬ್ರರಿಗೆ ಬದಲಾಯಿಸಿ. ಇಲ್ಲವೇ ಪುಟವನ್ನು ಬ್ರೌಸರ್‌ನಲ್ಲಿ ಮೂಡಿಸಿ ಅಲ್ಲಿಂದಲೇ ಪಿಡಿಎಫ್ ತೆಗೆಯಿರಿ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ ಕಡತಗಳ ಕಥೆಯೇ ಬೇರೆ. ಅಲ್ಲಿ ಇರುವುದು ರೋಮನ್ ಸಂಕೇತಗಳು, ಕನ್ನಡದ ಆಕಾರ ಫಾಂಟಿನದು. ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದುಕೊಂಡೇ ಮುಂದೆ ಹೋಗಬೇಕು.

ಸೇಡಂ ಎಲ್ಲಿ ಕಳೆದುಹೋಯಿತು?

ಅಂಗಡಿಯವರು ‘ಸೇಡಂ’ ಎಂದು ಹುಡುಕುತ್ತಾರೆ, ಅರ್ಧ ರೈತರು ಸಿಗುತ್ತಾರೆ, ಇನ್ನರ್ಧ ಸಿಗುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಾರಣ, ಅನುಸ್ವಾರದ ಬದಲು ಕೆಲವರು ಕನ್ನಡದ ಸೊನ್ನೆ ‘೦’ ಒತ್ತಿರುತ್ತಾರೆ. ‘ಸೇಡಂ’ ಮತ್ತು ‘ಸೇಡ೦’ ಓದುಗನಿಗೆ ಒಂದೇ, ಯಂತ್ರಕ್ಕೆ ಎರಡು ಬೇರೆ ಪದ. ಆಳಂದ, ಚಿಂಚೋಳಿ ಹೆಸರುಗಳಿಗೂ ಇದೇ ಗತಿ. ಕನ್ನಡ ಅಕ್ಷರಕ್ಕೆ ಅಂಟಿಕೊಂಡು ಬಂದ ಸೊನ್ನೆಯನ್ನು, ಉಳಿಸುವ ಮುನ್ನವೇ ಅನುಸ್ವಾರವಾಗಿ ಬದಲಿಸಿ. ಅಂಕಿಗಳ ನಡುವಿನ ಸೊನ್ನೆಯನ್ನು ಮಾತ್ರ ಮುಟ್ಟಬೇಡಿ.

ಇದರ ಜೊತೆಗೇ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣವನ್ನೂ ನಡೆಸಿ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಹೇಳುತ್ತದೆ. ಎನ್‌ಎಫ್‌ಸಿ ಅವನ್ನು ಒಂದೇ ರೂಪಕ್ಕೆ ತರುತ್ತದೆ. ಜಾವಾ, ಸಿ ಶಾರ್ಪ್, ಪೈಥಾನ್, ಜಾವಾಸ್ಕ್ರಿಪ್ಟ್ ಈ ನಾಲ್ಕು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದಕ್ಕೆ ಸಿದ್ಧ ಸೌಲಭ್ಯವಿದೆ.

ಕಣ್ಣಿಗೆ ಕಾಣದ ಎರಡು ಸಂಕೇತಗಳ ವಿಷಯದಲ್ಲಿ ಎಚ್ಚರ ಬೇಕು. ‘ಬೀದರ್‌ನಲ್ಲಿ’ ಎಂದು ಬರೆಯುವಾಗ ‘ರ್’ ಮತ್ತು ‘ನ’ ಕೂಡಿಕೊಳ್ಳದಂತೆ ತಡೆಯುವುದು ಒಂದು, ‘ರ‍್ಯಾಂಕ್’ ಎಂಬಲ್ಲಿ ರಕಾರವನ್ನು ಮೇಲುಳಿಸುವುದು ಇನ್ನೊಂದು. ಕಾಣದ್ದೆಲ್ಲ ಕಸವೆಂದು ಗುಡಿಸಿ ಹಾಕುವ ಶುದ್ಧೀಕರಣ ಸಾಲು ನಿಮ್ಮ ಕೋಡಿನಲ್ಲಿದ್ದರೆ ಈ ಪದಗಳು ವಿಕಾರವಾಗುತ್ತವೆ. ನಮ್ಮ ಭಾಗದಲ್ಲಿ ಉರ್ದು ಮೂಲದ ಹೆಸರುಗಳನ್ನು ಫ಼, ಜ಼ ಎಂದು ಚುಕ್ಕೆಯಿಟ್ಟು ಬರೆಯುವವರೂ ಇದ್ದಾರೆ, ಇಡದವರೂ ಇದ್ದಾರೆ. ಆದ್ದರಿಂದ ಎರಡು ಕಾಲಮ್ಮು ಇಡುವುದು ಉತ್ತಮ: ಒಂದರಲ್ಲಿ ವ್ಯಕ್ತಿ ಬರೆಸಿದಂತೆಯೇ ಹೆಸರು, ಇನ್ನೊಂದರಲ್ಲಿ ಚುಕ್ಕೆ ಮತ್ತು ಕಾಣದ ಸಂಕೇತಗಳನ್ನು ತೆಗೆದ ಹುಡುಕಾಟದ ರೂಪ. ಚೀಟಿಯಲ್ಲಿ ಅಚ್ಚಾಗುವುದು ಮೊದಲನೆಯದು ಮಾತ್ರ. ಒಬ್ಬರ ಹೆಸರನ್ನು ತಿದ್ದುವ ಹಕ್ಕು ತಂತ್ರಾಂಶಕ್ಕಿಲ್ಲ.

ಊರುಗಳನ್ನು ಹೆಸರಿನಿಂದ ಹೊಂದಿಸದೆ ಸಂಖ್ಯೆಯಿಂದ ಹೊಂದಿಸಿ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಹಳೆಯ ದಾಖಲೆಗಳಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆ ಸಂಖ್ಯೆಗಳಿವೆ, ಅವನ್ನೇ ಬಳಸಿ.

ಹೆಸರನ್ನು ಬಾಗಿಲಲ್ಲೇ ತಡೆಯಬೇಡಿ

ಹೆಸರಿನ ಖಾನೆಯಲ್ಲಿ ‘ಅಕ್ಷರ ಮಾತ್ರ’ ಎಂಬ ನಿಯಮ ಹಾಕಿದರೆ ‘ಶರಣಪ್ಪ’ ತಿರಸ್ಕೃತವಾಗುತ್ತದೆ. ವಿರಾಮ ಮತ್ತು ಕಾಗುಣಿತದ ಚಿಹ್ನೆಗಳನ್ನು ಯೂನಿಕೋಡ್ ಅಕ್ಷರ ವರ್ಗದಲ್ಲಿ ಇಟ್ಟಿಲ್ಲ, ‘ಮಾರ್ಕ್’ ವರ್ಗದಲ್ಲಿ ಇಟ್ಟಿದೆ. ನಿಯಮದಲ್ಲಿ ಆ ವರ್ಗವನ್ನೂ, ಮೇಲೆ ಹೇಳಿದ ಎರಡು ಕಾಣದ ಸಂಕೇತಗಳನ್ನೂ ಸೇರಿಸಿ. ಉದ್ದದ ಮಿತಿಯಲ್ಲೂ ಇದೇ ಪಾಠ. ‘ಸ್ತ್ರೀ’ ಒಂದೇ ಅಕ್ಷರ, ಆದರೆ 6 ಸಂಕೇತ, 18 ಬೈಟ್. ಒರಾಕಲ್‌ನಲ್ಲಿ ಕಾಲಮ್ಮಿನ ಉದ್ದ 50 ಎಂದರೆ ರೂಢಿಯ ಪ್ರಕಾರ 50 ಬೈಟ್. ಕನ್ನಡದ 16 ಸಂಕೇತಗಳಿಗೇ ಅದು ತುಂಬಿಹೋಗುತ್ತದೆ.

ದಿನಾಂಕ ಮತ್ತು ಅಂಕಿ

05/11/2024 ಎಂದರೆ ನಮಗೆ ನವೆಂಬರ್ 5. ಅಮೆರಿಕದ ಇಂಗ್ಲಿಷ್ ಲೊಕೇಲ್ (ಭಾಷೆ, ನಾಡಿಗೆ ತಕ್ಕಂತೆ ಅಂಕಿ, ದಿನಾಂಕ ಬರೆಯುವ ಕ್ರಮದ ಆಯ್ಕೆ) ಇರುವ ಸರ್ವರ್‌ಗೆ ಅದು ಮೇ 11. ಈ ದೋಷದ ಅಪಾಯ ಅಡಗಿರುವುದು ಅದರ ಮೌನದಲ್ಲಿ: ತಿಂಗಳ 12ನೇ ತಾರೀಖಿನವರೆಗೆ ಯಾವ ದೂರೂ ಬರುವುದಿಲ್ಲ, ತಪ್ಪು ದಿನಾಂಕಗಳು ಸದ್ದಿಲ್ಲದೆ ಸೇರುತ್ತಿರುತ್ತವೆ. 13ರಂದು ತಂತ್ರಾಂಶ ನಿಲ್ಲುತ್ತದೆ, ಏಕೆಂದರೆ 13ನೇ ತಿಂಗಳಿಲ್ಲ. ಆಗ ಎಲ್ಲರೂ 13ರ ದಾಖಲೆಯನ್ನು ಶಂಕಿಸುತ್ತಾರೆ, ಹಿಂದಿನ 12 ದಿನಗಳದ್ದನ್ನು ನೋಡುವುದೇ ಇಲ್ಲ. ತಂತ್ರಾಂಶದ ಒಂದು ಘಟಕದಿಂದ ಇನ್ನೊಂದಕ್ಕೆ ದಿನಾಂಕ ಹೋಗುವಾಗ 2024-11-05 ಎಂಬ ವರ್ಷ, ತಿಂಗಳು, ದಿನದ ಕ್ರಮವನ್ನೇ ಅನುಸರಿಸಿ. ಚೀಟಿಯಲ್ಲಿ ‘5 ನವೆಂಬರ್ 2024’ ಎಂದು ಬರೆದರೆ ಓದುವವರಿಗೂ ಗೊಂದಲವಿಲ್ಲ.

ದರಕ್ಕೂ ಇಂಥದೇ ಗತಿ. ‘7550.50’ ಎಂಬ ಪಠ್ಯವನ್ನು ಸಿ ಶಾರ್ಪ್ ಘಟಕವೊಂದು ಜರ್ಮನ್ ಲೊಕೇಲ್‌ನಲ್ಲಿ ಓದಿದರೆ 755050 ಎಂದು ಕೊಡುತ್ತದೆ. ಅಲ್ಲಿ ಚುಕ್ಕೆ ಸಾವಿರದ ವಿಭಜಕ, ದಶಮಾಂಶಕ್ಕೆ ಬಳಸುವುದು ಅಲ್ಪವಿರಾಮ. ಯಂತ್ರ ಓದುವ ಪಠ್ಯಕ್ಕೆ ಯಾವ ನಾಡಿಗೂ ಸೇರದ, ಸಿ ಶಾರ್ಪ್‌ನ ‘ಇನ್ವೇರಿಯಂಟ್ ಕಲ್ಚರ್’ ಅಥವಾ ಜಾವಾದ ‘ಲೊಕೇಲ್ ರೂಟ್’ ಕೊಡಿ. ಮನುಷ್ಯರು ಓದುವುದಕ್ಕೆ ಮಾತ್ರ ಸ್ಥಳೀಯ ಲೊಕೇಲ್.

ಬೀದರ್ ಜಿಲ್ಲೆಗೆ ಮೊಬೈಲ್ ಆ್ಯಪ್ ಮಾಡುವವರು ಇದನ್ನು ಗಮನವಿಟ್ಟು ಓದಬೇಕು. ಗಡಿಯ ಭಾಗದಲ್ಲಿ ಫೋನನ್ನು ಮರಾಠಿಗೆ ಇಟ್ಟುಕೊಂಡವರು ಅನೇಕರಿದ್ದಾರೆ. ಯೂನಿಕೋಡ್ ಒಕ್ಕೂಟದ ಲೊಕೇಲ್ ಭಂಡಾರದಲ್ಲಿ ಮರಾಠಿಯ ರೂಢಿಯ ಅಂಕಿಗಳು ದೇವನಾಗರಿಯವು, ಕನ್ನಡಕ್ಕೆ 1, 2, 3. ಲೊಕೇಲ್ ಹೇಳದೆ ಸಂಖ್ಯೆಯನ್ನು ಪಠ್ಯವಾಗಿಸಿ ಸರ್ವರ್‌ಗೆ ಕಳಿಸಿದರೆ ಆ ಫೋನ್‌ಗಳಿಂದ ದೇವನಾಗರಿ ಅಂಕಿಗಳು ಬಂದು ಇಳಿಯುತ್ತವೆ. ಬೆಂಗಳೂರಿನಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಿದ್ದ ಆ್ಯಪ್ ಭಾಲ್ಕಿಯಲ್ಲಿ ಕೈಕೊಟ್ಟರೆ ಮೊದಲು ಇಲ್ಲಿ ಹುಡುಕಿ. ರೈತರು ‘೧೨’ ಎಂದು ಕನ್ನಡ ಅಂಕಿಯಲ್ಲಿ ತುಂಬುವ ಸಾಧ್ಯತೆಯೂ ಇದೆ. ಪೈಥಾನ್ ಅದನ್ನು 12 ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್‌ಗೆ ಅದು ಸಂಖ್ಯೆಯೇ ಅಲ್ಲ. ಒಳಬರುವಾಗಲೇ ಪರಿವರ್ತಿಸಿ.

ತೋರಿಸುವಾಗ 12,34,567 ಎಂದು ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಬೇಕು. ಕನ್ನಡ ಲೊಕೇಲ್ ಇಟ್ಟ ಮಾತ್ರಕ್ಕೆ ಅದು ಬಂದೇ ಬರುತ್ತದೆಂದು ನಂಬಬೇಡಿ. ನಿಮ್ಮ ಲೈಬ್ರರಿಯಲ್ಲಿ ಅಚ್ಚು ಮಾಡಿ ನೋಡಿ. ಬಾರದಿದ್ದರೆ ಸಂಖ್ಯೆಗೆ ಮಾತ್ರ ಭಾರತೀಯ ಇಂಗ್ಲಿಷ್ ಲೊಕೇಲ್ ಬಳಸಿ.

ವಾಕ್ಯವನ್ನು ತುಂಡು ಮಾಡಿ ಜೋಡಿಸಬೇಡಿ

ಊರಿನ ಹೆಸರಿಗೆ ‘ಗೆ’ ಅಂಟಿಸಿ ‘ಸರಕು ಇಂಥಲ್ಲಿಗೆ ಹೊರಟಿದೆ’ ಎಂದು ಹೇಳಿಸುವ ಕೋಡು ಜೇವರ್ಗಿಯವರೆಗೆ ಚೆನ್ನಾಗಿ ನಡೆಯುತ್ತದೆ: ಜೇವರ್ಗಿಗೆ. ಆಳಂದ ಬಂದಾಗ ‘ಆಳಂದಗೆ’ ಆಗುತ್ತದೆ. ಆಳಂದಕ್ಕೆ, ಕಮಲಾಪುರಕ್ಕೆ, ಶಹಾಬಾದ್‌ಗೆ ಎಂದು ವಿಭಕ್ತಿ ಪದದ ಕೊನೆಯನ್ನು ನೋಡಿಕೊಂಡು ಬದಲಾಗುತ್ತದೆ. ಊರುಗಳು ಕೆಲವೇ ಇದ್ದರೆ ಪ್ರತಿಯೊಂದರ ವಿಭಕ್ತಿ ರೂಪವನ್ನೂ ಪಟ್ಟಿಯಲ್ಲಿಡಿ. ಸಾವಿರಾರು ಹಳ್ಳಿಗಳಿದ್ದರೆ ವಾಕ್ಯವನ್ನೇ ಬಿಟ್ಟು ‘ತಲುಪುವ ಊರು: ಆಳಂದ’ ಎಂದು ಬರೆಯಿರಿ. ಒರಟಾಗಿ ಕಂಡರೂ ತಪ್ಪು ಕನ್ನಡಕ್ಕಿಂತ ಅದು ಮೇಲು. ಬಹುವಚನದ ಲೈಬ್ರರಿಗಳು ಕನ್ನಡದಲ್ಲಿ ಸೊನ್ನೆಯನ್ನೂ ಒಂದರ ಗುಂಪಿಗೇ ಸೇರಿಸುತ್ತವೆ, ಹಾಗಾಗಿ ‘0 ರೈತ’ ಎಂದು ಬರುತ್ತದೆ. ಸೊನ್ನೆಗೆ ‘ಯಾವ ರೈತರೂ ಇಲ್ಲ’ ಎಂಬ ಪ್ರತ್ಯೇಕ ವಾಕ್ಯ ಕೊಡಿ.

ದೋಷ ಸಂದೇಶವನ್ನು ಒಳಗಿನ ಘಟಕವೇ ಇಂಗ್ಲಿಷ್ ವಾಕ್ಯವಾಗಿ ಹಿಂದಿರುಗಿಸುವುದು ಬೇಡ. ಅದು ಸಂಕೇತ ಸಂಖ್ಯೆ ಮತ್ತು ವಿವರಗಳನ್ನಷ್ಟೇ ಕೊಡಲಿ, ಯಾವ ಭಾಷೆಯಲ್ಲಿ ಹೇಳಬೇಕೆಂಬುದನ್ನು ಪರದೆಯ ಘಟಕ ತೀರ್ಮಾನಿಸಲಿ.

ತೋರಿಸುವ ಜಾಗ

ಗುಂಡಿಗಳ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತಿದ್ದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ, ಸಾಲಿನ ಎತ್ತರ ಹೆಚ್ಚಿಸಿ. ಉರ್ದು ಹೆಸರನ್ನು ಉರ್ದು ಲಿಪಿಯಲ್ಲೇ ತೋರಿಸುವುದಾದರೆ ಅದು ಬಲದಿಂದ ಎಡಕ್ಕೆ ಸಾಗುತ್ತದೆ, ಪಕ್ಕದ ಮೊತ್ತವನ್ನೂ ಎಳೆದುಕೊಂಡು ಸ್ಥಾನಪಲ್ಲಟ ಮಾಡುತ್ತದೆ. ವೆಬ್ ಪುಟದಲ್ಲಿ ಹೆಸರನ್ನು ‘ಬಿಡಿಐ’ ಟ್ಯಾಗ್‌ನೊಳಗೆ ಇಟ್ಟರೆ ಮೊತ್ತ ತನ್ನ ಜಾಗದಲ್ಲೇ ಉಳಿಯುತ್ತದೆ. ಎಸ್‌ಎಂಎಸ್ ಕಳಿಸುವುದಿದ್ದರೆ ಲೆಕ್ಕ ಬೇರೆ: ಇಂಗ್ಲಿಷಿಗೆ ಒಂದು ಸಂದೇಶದಲ್ಲಿ 160 ಅಕ್ಷರ, ಯೂನಿಕೋಡ್ ಕನ್ನಡಕ್ಕೆ 70 ಸಂಕೇತ. ಸಂದೇಶ ಒಂದಕ್ಕಿಂತ ಹೆಚ್ಚಾದರೆ ಪ್ರತಿ ತುಂಡಿಗೆ 67. ಪದಗಳನ್ನು ಕಡಿಮೆ ಮಾಡಿ, ಹೆಸರನ್ನು ಮೊಟಕು ಮಾಡಬೇಡಿ.

ಪರೀಕ್ಷೆ

ಪರೀಕ್ಷೆಯ ಮಾಹಿತಿಯಲ್ಲಿ ಇಂಗ್ಲಿಷ್ ಹೆಸರುಗಳನ್ನು ತುಂಬುವ ಅಭ್ಯಾಸ ಬಿಡಿ. ಮೊದಲ ದಿನದಿಂದಲೇ ಶರಣಪ್ಪ, ಫ಼ಾತಿಮಾ, ಸೇಡಂ, ಸೇಡ೦, ಆಳಂದ, ಶಹಾಬಾದ್ ಇರಲಿ. ದಿನಾಂಕಕ್ಕೆ 5ನೇ ತಾರೀಖೂ 25ನೇ ತಾರೀಖೂ ಬೇಕು, ಮೊತ್ತದಲ್ಲಿ ದಶಮಾಂಶ ಇರುವ ಒಂದು, ಲಕ್ಷ ದಾಟಿದ ಒಂದು. ಇದೇ ಪಟ್ಟಿಯನ್ನು ಯಂತ್ರದ ಲೊಕೇಲ್ ಅಮೆರಿಕನ್ ಇಂಗ್ಲಿಷ್, ಜರ್ಮನ್, ಮರಾಠಿ, ಕನ್ನಡ ಎಂದು ಬದಲಿಸುತ್ತ ಓಡಿಸಿ. ಡೇಟಾಬೇಸಿಗೆ ಹೋದದ್ದು ನಾಲ್ಕರಲ್ಲೂ ಒಂದಕ್ಷರ ಬಿಡದಂತೆ ಒಂದೇ ಆಗಿರಬೇಕು. ಬೇರೆಯಾದರೆ, ಯಾವುದೋ ಒಂದು ಘಟಕ ಇನ್ನೂ ಯಂತ್ರದ ಲೊಕೇಲನ್ನೇ ನೆಚ್ಚಿಕೊಂಡಿದೆ. ಸಂಖ್ಯೆಯನ್ನೋ ದಿನಾಂಕವನ್ನೋ ಪಠ್ಯವಾಗಿಸುವ ಪ್ರತಿ ಸಾಲನ್ನೂ ಕೋಡಿನಲ್ಲಿ ಹುಡುಕಿ, ಅಲ್ಲಿ ಲೊಕೇಲ್ ನಮೂದಾಗಿದೆಯೇ ಎಂದು ಒಂದೊಂದಾಗಿ ನೋಡುತ್ತ ಬನ್ನಿ.